ಒಸಾಕಾ ಪೇಟೆಯಲ್ಲಿ ‘ನಂಬೊ?’ ಎಂದು ಕೇಳಿ

ಜಪಾನ್ ಜಪ ಮಾಡದ ಕನ್ನಡ ಭಾಷಣ ಉಂಟೆ? ನವೆಂಬರ್ ಬಂತೆಂದರೆ ಸಾಕು, ವೇದಿಕೆ ಹತ್ತಿದ ಮಹನೀಯರೆಲ್ಲ ‘ಜಪಾನನ್ನು ನೋಡಿ ಕಲಿಯಿರಿ’ ಎಂದು ಅಪ್ಪಣೆ ಕೊಡಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಹಾರ, ಶಾಲು, ಹಣ್ಣಿನ ಬುಟ್ಟಿ. ಹೀಗೆ ಅಪ್ಪಣೆ ಕೊಡಿಸುವವರಲ್ಲಿ ಎಷ್ಟು ಜನ ಆ ದೇಶದ ಒಂದು ತರಕಾರಿ ಅಂಗಡಿಯ ಮುಂದೆ ನಿಂತು ಸೌತೆಕಾಯಿ ಕೊಂಡಿದ್ದಾರೋ ದೇವರೇ ಬಲ್ಲ.

ಈಗ ಹೋಗುವವರು ಭಾಷಣಕಾರರಲ್ಲ, ನಮ್ಮ ಹುಡುಗ ಹುಡುಗಿಯರು. ಬೆಂಗಳೂರಿನಿಂದ ಟೋಕಿಯೋದ ನರಿತಾಗೆ ನೇರ ವಿಮಾನವಿದೆ. ಕಂಪ್ಯೂಟರ್ ಕಂಪನಿಯವರು, ಬಿಡದಿಯ ಕಾರು ಕಾರ್ಖಾನೆಯವರು ಕೆಲಸಕ್ಕೆಂದು, ತರಬೇತಿಗೆಂದು ಹೋಗುತ್ತಾರೆ, ಎರಡು ದಿನ ರಜೆ ಸಿಕ್ಕಿದರೆ ಊರು ನೋಡುತ್ತಾರೆ. ಬರುವಾಗ ಫೋನಿನ ತುಂಬ ಫೋಟೋ, ಚೀಲದ ತುಂಬ ಚಾಕಲೇಟು. ‘ಹೇಗಿತ್ತಪ್ಪಾ?’ ಎಂದರೆ ‘ಸೂಪರ್, ಎಲ್ಲ ಕ್ಲೀನ್’ ಎನ್ನುತ್ತಾರೆ. ಅಷ್ಟೇ! ಗೆಳೆಯರೇ, ಅಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತೆ?

ನಮ್ಮ ಸಲಹೆ ಕೇಳುವುದಾದರೆ ಒಸಾಕಾಗೆ ಹೋಗಿ. ಟೋಕಿಯೋದಿಂದ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ. ಟೋಕಿಯೋ ಅಧಿಕಾರದ ಊರು, ಒಸಾಕಾ ಅಂಗಡಿಯವರ ಊರು. ದೊರೆಗಳ ಕಾಲದಲ್ಲಿ ದೇಶದ ಮೂಲೆಮೂಲೆಯ ಅಕ್ಕಿ ಇಲ್ಲಿನ ಉಗ್ರಾಣಗಳಿಗೆ ಬಂದು ಬೀಳುತ್ತಿತ್ತು. ಅದಕ್ಕೇ ‘ನಾಡಿನ ಅಡುಗೆಮನೆ’ ಎಂಬ ಹೆಸರು. ಮುಂದೆ ಬರುವ ಅಕ್ಕಿಗೆ ಇಂದೇ ಬೆಲೆ ಕಟ್ಟುವ ವ್ಯಾಪಾರಕ್ಕೆ ಇಲ್ಲಿನ ದೋಜಿಮಾ ಅಕ್ಕಿಪೇಟೆಯಲ್ಲಿ 1730ರಲ್ಲೇ ಸರ್ಕಾರದ ಮಾನ್ಯತೆ ಸಿಕ್ಕಿತ್ತು. ಒಸಾಕಾದವರು ಎದುರಾದಾಗ ‘ಮೋಕಾರಿಮಕ್ಕಾ?’ ಎಂದು ಕೇಳುತ್ತಾರೆ ಎಂಬುದು ಜಪಾನಿನಲ್ಲೆಲ್ಲ ಹಾಸ್ಯದ ಮಾತು. ‘ಲಾಭ ಆಗ್ತಾ ಇದೆಯಾ?’ ಎಂದರ್ಥ. ಉತ್ತರ ‘ಬೋಚಿ ಬೋಚಿ’, ಹೀಗೇ ನಡೀತಿದೆ ಎಂದು. ಈಗ ನಿಜವಾಗಿ ಹೀಗೆ ಕೇಳುವವರು ಕಡಿಮೆ. ಆದರೆ ನಮ್ಮ ಚಿಕ್ಕಪೇಟೆಯ ಹಳೆಯ ವ್ಯಾಪಾರಿಗೆ ಈ ಸವಾಲ್ ಜವಾಬ್ ತಕ್ಷಣ ಅರ್ಥವಾಗುತ್ತದೆ.

ಇನ್ನೊಂದು ಕಾರಣ ನುಡಿ. ಪುಸ್ತಕದಲ್ಲಿ ಕಲಿತ ಜಪಾನೀ ಭಾಷೆಯಲ್ಲಿ ‘ಎಷ್ಟು?’ ಎನ್ನಲು ‘ಇಕುರಾ’ ಎನ್ನಬೇಕು. ಒಸಾಕಾದಲ್ಲಿ ಅದು ‘ನಂಬೊ’. (ನಮ್ಮ ಕಿವಿಗೆ ‘ನಂಬು’ ಎಂದಂತೆ ಕೇಳಿಸುತ್ತದೆ. ವ್ಯಾಪಾರಕ್ಕೆ ಒಳ್ಳೆಯ ಶಬ್ದವೇ!) ಟೋಕಿಯೋದ ‘ಅರಿಗಾತೋ’ ಇಲ್ಲಿ ‘ಓಕಿನಿ’. ‘ಹೊಂತೋ’ ಎಂಬುದು ‘ಹೊನ್ಮ’. ‘ಬೇಡ, ಆಗಲ್ಲ’ ಎನ್ನುವುದಕ್ಕೆ ‘ಅಕಾನ್’. ರಾಜಧಾನಿಯ ಮಾತಿಗೆ ತಲೆ ಬಾಗಿಸದೆ ತಮ್ಮ ಮಾತನ್ನೇ ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿಕೊಂಡ ಜನ ಇವರು. ಎಸ್ಕಲೇಟರಿನಲ್ಲಿ ಸಹ ಟೋಕಿಯೋದವರು ಎಡಕ್ಕೆ ನಿಂತರೆ ಇವರು ಬಲಕ್ಕೆ ನಿಲ್ಲುತ್ತಾರೆ!

ಎಲ್ಲರೂ ಮೊದಲು ಓಡುವುದು ದೋತೊಂಬೊರಿಗೆ. 1615ರಲ್ಲಿ ತೋಡಿ ಮುಗಿಸಿದ ಕಾಲುವೆ, ಅದರ ದಂಡೆಯಲ್ಲಿ ದೀಪದ ಫಲಕಗಳ ಜಾತ್ರೆ. ಕೈ ಎತ್ತಿ ಓಡುತ್ತಿರುವ ಮಿಠಾಯಿ ಕಂಪನಿಯ ಓಟಗಾರ 1935ರಿಂದ ಅಲ್ಲಿದ್ದಾನೆ. ಈಗಿರುವುದು 2014ರಲ್ಲಿ ಹಾಕಿದ ಆರನೆಯ ಫಲಕ. ಅವನಂತೆಯೇ ಕೈ ಎತ್ತಿ ಫೋಟೋ ತೆಗೆಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆಮೇಲೆ ಹಿಂದಿನ ಸಂದಿಗೆ ನುಗ್ಗಿ. ಹೋಝೆಂಜಿ ಎಂಬ ಪುಟ್ಟ ಗುಡಿಯಲ್ಲಿ ಫುದೋ ದೇವರ ಮೈಯೆಲ್ಲ ಹಸಿರು ಪಾಚಿ. ಬಂದವರೆಲ್ಲ ನೀರು ಎರೆದೂ ಎರೆದೂ ಕಲ್ಲೇ ಕಾಣದಾಗಿದೆ. ಈ ಫುದೋ ಎಂದರೆ ಸಂಸ್ಕೃತದ ಅಚಲ. ಬೌದ್ಧರ ಜೊತೆ ಭಾರತದಿಂದ ಹೋದವನು. ನೀವೂ ಒಂದು ಸೌಟು ನೀರು ಎರೆದು ಬನ್ನಿ.

ಅರಮನೆ ಕೋಟೆಯ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇವೆ: ಒಸಾಕಾ ಕೋಟೆಯ ಗೋಪುರ 1931ರಲ್ಲಿ ಊರಿನವರು ಚಂದಾ ಎತ್ತಿ ಕಟ್ಟಿಸಿದ ಕಾಂಕ್ರೀಟ್ ಕಟ್ಟಡ, ಒಳಗೆ ಲಿಫ್ಟ್ ಇದೆ. ಕಂದಕ, ಕಲ್ಲಿನ ಗೋಡೆ ಮಾತ್ರ ನಿಜಕ್ಕೂ ಹಳೆಯವು, ಅವನ್ನು ನೋಡಿ.

ಇನ್ನು ಪೇಟೆ. ದೋತೊಂಬೊರಿಗೆ ಐದು ನಿಮಿಷದ ದಾರಿಯಲ್ಲಿ ಕುರೊಮೊನ್ ಮಾರುಕಟ್ಟೆ. ‘ಕಪ್ಪು ಬಾಗಿಲು’ ಎಂದರ್ಥ. ಸುಮಾರು 580 ಮೀಟರ್ ಉದ್ದ, 150ರಷ್ಟು ಅಂಗಡಿ. ಮೀನು, ಉಪ್ಪಿನಕಾಯಿ, ತರಕಾರಿ, ಚಹಾ. ಹೋಟೆಲಿನ ಬಾಣಸಿಗರು, ಮನೆಯ ಹೆಂಗಸರು ದಿನದ ಸಾಮಾನು ಕೊಳ್ಳುತ್ತಿದ್ದ ಜಾಗ. 2010ರ ನಂತರ ಪ್ರವಾಸಿಗಳ ಪ್ರವಾಹ ಬಂತು. ಕೆಜಿ ಲೆಕ್ಕದಲ್ಲಿ ಮೀನು ಮಾರುತ್ತಿದ್ದವರು ಕಡ್ಡಿಗೆ ಚುಚ್ಚಿದ ಸೀಗಡಿ, ಸುಟ್ಟ ಏಡಿ ಮಾರತೊಡಗಿದರು. ಬೆಲೆ ಏರಿತು. ಫಲಕದಲ್ಲಿ ಇಂಗ್ಲಿಷ್, ಚೀನೀ, ಕೊರಿಯನ್ ತುಂಬಿತು. ಊರಿನ ಗಿರಾಕಿ ಮೆಲ್ಲಗೆ ಜಾರಿಕೊಂಡ. 2020ರಲ್ಲಿ ಕೊರೋನಾ ಬಂದು ಗಡಿ ಮುಚ್ಚಿದಾಗ ಪ್ರವಾಸಿಯೂ ಇಲ್ಲ, ಊರಿನವನೂ ಇಲ್ಲ! ಅಂಗಡಿಗಳ ಬಾಗಿಲು ಬಿತ್ತು. ಪ್ರವಾಸಿ ಮತ್ತೆ ಬಂದಿದ್ದಾನೆ, ಏಡಿಯ ಬೆಲೆಯೂ ಮತ್ತೆ ಏರಿದೆ.

ಇದರಲ್ಲಿ ಅಂಗಡಿಯವನನ್ನು ಬಯ್ಯುವುದು ಸುಲಭ. ಬಾಡಿಗೆ ಕಟ್ಟಬೇಕಾದವನು ಅವನು. ಆದರೆ ನೂರಾರು ವರ್ಷ ಬಂದ ಗಿರಾಕಿಯ ಮಾತು ಬಿಟ್ಟು ಮೂರು ದಿನ ಇದ್ದು ಹೋಗುವವನ ಮಾತಿಗೆ ಅಂಗಡಿ ಮುಖ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹೋಗುವ ನೀವೂ ಆ ಪ್ರವಾಸಿಗಳಲ್ಲಿ ಒಬ್ಬರೇ ಎಂಬುದು ನೆನಪಿರಲಿ.

ಹಾಗಾದರೆ ಊರಿನವರು ಎಲ್ಲಿ ಕೊಳ್ಳುತ್ತಾರೆ? ತೆಂಜಿಂಬಾಶಿಸುಜಿಗೆ ಹೋಗಿ. ಮೇಲೆ ಚಾವಣಿ ಹಾಕಿದ ಪೇಟೆಬೀದಿ, 2.6 ಕಿಲೋಮೀಟರ್ ಉದ್ದ, ದೇಶದಲ್ಲೇ ಅತಿ ಉದ್ದದ್ದು. ಚಪ್ಪಲಿ, ಚಹಾಪುಡಿ, ಹಳೆಯ ಪುಸ್ತಕ, ಔಷಧಿ, ಕನ್ನಡಕ. ಮಳೆಯಲ್ಲೂ ಛತ್ರಿ ಬೇಡ. ಪಕ್ಕದಲ್ಲೇ ವಿದ್ಯೆಯ ದೇವರು ತೆಂಜಿನ್‌ನ ಗುಡಿ. ಪರೀಕ್ಷೆಗೆ ಕೂರುವ ಮಕ್ಕಳು ಮರದ ಹಲಗೆಯ ಮೇಲೆ ಹರಕೆ ಬರೆದು ಕಟ್ಟಿರುತ್ತಾರೆ. ತಿಂಗಳ 21, 22ನೇ ತಾರೀಕು ಊರಲ್ಲಿದ್ದರೆ ಶಿತೆನ್ನೋಜಿಯ ಸಂತೆ ತಪ್ಪಿಸಬೇಡಿ. 593ರಲ್ಲಿ ಸ್ಥಾಪನೆಯಾದ ಬೌದ್ಧ ದೇವಾಲಯದ ಅಂಗಳದಲ್ಲಿ ಹಳೆಯ ಕಿಮೋನೊ, ಬಟ್ಟಲು, ಗಡಿಯಾರ ಹರಡಿಕೊಂಡು ಕೂತಿರುತ್ತಾರೆ. ಅಂಗಡಿಗಳಲ್ಲಿ ಚೌಕಾಸಿ ನಡೆಯದು, ಈ ಸಂತೆಯಲ್ಲಿ ನಗುತ್ತಾ ‘ನಂಬೊ?’ ಎಂದು ನೋಡಿ.

ದುಡ್ಡನ್ನು ಕೈಗೆ ಕೊಡಬೇಡಿ, ಗಲ್ಲಾದ ಮುಂದಿನ ಪುಟ್ಟ ತಟ್ಟೆಯಲ್ಲಿಡಿ. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ರಸ್ತೆಯಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ, ಕಸ ನಿಮ್ಮ ಚೀಲದಲ್ಲೇ ಇರಲಿ. ಮಾರಾಟ ತೆರಿಗೆ ನೂರಕ್ಕೆ 10, ತಿನ್ನುವ ಸಾಮಾನಿಗೆ 8. ಒಂದೇ ಅಂಗಡಿಯಲ್ಲಿ ತೆರಿಗೆ ಬಿಟ್ಟು 5,000 ಯೆನ್ ಅಥವಾ ಅದಕ್ಕಿಂತ ಹೆಚ್ಚಿನದನ್ನು ಕೊಂಡರೆ ಪ್ರವಾಸಿಗೆ ತೆರಿಗೆ ಉಳಿಯುತ್ತದೆ, ಪಾಸ್‌ಪೋರ್ಟ್ ಜೇಬಿನಲ್ಲಿರಬೇಕು. 2026ರ ನವೆಂಬರ್ 1ರಿಂದ ಮಾತ್ರ ಮೊದಲು ಪೂರ್ತಿ ಕೊಟ್ಟು, ದೇಶ ಬಿಡುವಾಗ ವಾಪಸು ಪಡೆಯುವ ಪದ್ಧತಿ ಎಂದು ಅಲ್ಲಿನ ಸರ್ಕಾರ ತೀರ್ಮಾನಿಸಿದೆ. ಸಂಜೆ ದೊಡ್ಡ ಡಿಪಾರ್ಟ್‌ಮೆಂಟ್ ಅಂಗಡಿಗಳ ನೆಲಮಾಳಿಗೆಗೆ ಇಳಿಯಿರಿ, ಮುಚ್ಚುವ ಹೊತ್ತಿಗೆ ತಿಂಡಿ ಡಬ್ಬಿಗಳ ಮೇಲೆ ‘ಹಾಂಗಾಕು’ ಚೀಟಿ ಬೀಳುತ್ತದೆ. ಅರ್ಧ ಬೆಲೆ! ಸಸ್ಯಾಹಾರಿಗಳೇ, ಎಚ್ಚರ. ತರಕಾರಿ ಸಾರೆಂದು ನೀವು ಕುಡಿಯುವುದರ ಬುಡದಲ್ಲೂ ಒಣಮೀನಿನ ಕಷಾಯ ಇರುತ್ತದೆ.

ವಿದ್ಯುತ್ ಸಾಮಾನಿನ ಆಸೆಯವರು ನಿಪ್ಪೊಂಬಾಶಿಯ ಡೆನ್‌ಡೆನ್ ಟೌನ್‌ಗೆ ಹೋಗುತ್ತಾರೆ. ಅಲ್ಲಿನ ಮನೆಗಳಿಗೆ ಬರುವುದು 100 ವೋಲ್ಟ್, ನಮ್ಮಲ್ಲಿ 230. ಅಲ್ಲಿನವರಿಗೆಂದು ಮಾಡಿದ ಅನ್ನದ ಕುಕ್ಕರನ್ನು ತಂದು ಜಯನಗರದಲ್ಲಿ ಪ್ಲಗ್ ಚುಚ್ಚಿದರೆ ಹೊಗೆ ಗ್ಯಾರಂಟಿ. ಹೊರದೇಶಕ್ಕೆಂದೇ ಮಾಡಿದ್ದನ್ನು ಕೇಳಿ ಕೊಳ್ಳಿ.

ನಾವು ನಿಮ್ಮನ್ನು ಕಳಿಸಬೇಕೆಂದಿರುವುದು ದೋಗುಯಾಸುಜಿಗೆ. ನಂಬಾ ಹತ್ತಿರದ ಪಾತ್ರೆಬೀದಿ. ಹೋಟೆಲಿನವರಿಗೆ ಬೇಕಾದ ಕಾವಲಿ, ಸೌಟು, ಬಾಗಿಲ ಪರದೆ, ಕಾಗದದ ಲಾಂದ್ರ, ಕಿಟಕಿಯಲ್ಲಿಡುವ ಪ್ಲಾಸ್ಟಿಕ್ ತಿಂಡಿ ಎಲ್ಲ ಇಲ್ಲಿ. ಅಲ್ಲೊಂದು ಎರಕದ ಕಾವಲಿ ಕಾಣುತ್ತೀರಿ, ತುಂಬ ಗುಳಿಗಳು. ಅರೆ, ಇದು ನಮ್ಮ ಪಡ್ಡಿನ ಕಾವಲಿಯಲ್ಲವೆ? ಅವರದು ತಾಕೊಯಾಕಿ, ಹಿಟ್ಟಿನೊಳಗೆ ಆಕ್ಟೋಪಸ್ ತುಂಡು. 1935ರ ಸುಮಾರಿಗೆ ಈ ಊರಲ್ಲೇ ಹುಟ್ಟಿದ ತಿಂಡಿ. ಕಡ್ಡಿಯಿಂದ ಚುಚ್ಚಿ ತಿರುಗಿಸುವ ಕೈಚಳಕ ಥೇಟ್ ದಾವಣಗೆರೆಯ ಹೆಂಗಸರದ್ದು. ಅಮ್ಮನಿಗೆ ಉಡುಗೊರೆ ತರಬೇಕೆಂದರೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಚಾಕಲೇಟು ಬೆಂಗಳೂರಿನಲ್ಲೂ ಸಿಗುತ್ತದೆ.

ಪಕ್ಕದ ಸಾಕಾಯ್ ಊರಿನ ಚಾಕುಗಳೂ ಅಲ್ಲಿವೆ. ಕೊಂಡರೆ ಅಲಗಿನ ಮೇಲೆ ನಿಮ್ಮ ಹೆಸರು ಕೆತ್ತಿಕೊಡುವ ಅಂಗಡಿಗಳಿವೆ. ಜಪಾನೀ ಅಕ್ಷರದಲ್ಲಿ! ಆ ಲಿಪಿಗೆ ಮಹಾಪ್ರಾಣವಿಲ್ಲ, ಲ ಇಲ್ಲ. ಮಂಜುನಾಥ ಮಂಜುನಾತ ಆಗುತ್ತಾನೆ, ಲೋಕೇಶ ರೋಕೇಶನಾಗುತ್ತಾನೆ. ಬೇಸರ ಬೇಡ. ಅವರು ಇಂಗ್ಲಿಷಿನವರನ್ನೂ ಬಿಟ್ಟಿಲ್ಲ. ಕನ್ವೀನಿಯನ್ಸ್ ಸ್ಟೋರ್ ‘ಕೊಂಬಿನಿ’ಯಾಯಿತು, ಪರ್ಸನಲ್ ಕಂಪ್ಯೂಟರ್ ‘ಪಾಸೊಕೊನ್’ ಆಯಿತು. ಹೊರಗಿನ ಮಾತನ್ನು ತಮ್ಮ ಬಾಯಿಗೆ ಬಗ್ಗಿಸಿ, ತಮ್ಮ ಅಕ್ಷರದಲ್ಲಿ ಬರೆದು ನುಂಗಿ ಅರಗಿಸಿಕೊಂಡಿದ್ದಾರೆ. (ಚಾಕುವನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ದೊಡ್ಡ ಪೆಟ್ಟಿಗೆಗೆ ಹಾಕಿ.)

ಉಮೆದಾ ಕಡೆ ಹೋದರೆ ಮಾರುಝೆನ್ ಜುಂಕುದೋ ಪುಸ್ತಕದಂಗಡಿಯೊಳಗೆ ಒಂದು ಗಂಟೆ ಕಳೆಯಿರಿ. ದೇಶದ ಅತಿ ದೊಡ್ಡ ಪುಸ್ತಕದಂಗಡಿಗಳಲ್ಲಿ ಒಂದು, ಮಹಡಿಯ ಮೇಲೆ ಮಹಡಿ. ವೈದ್ಯಶಾಸ್ತ್ರ, ಸೇತುವೆ ಕಟ್ಟುವ ಲೆಕ್ಕ, ಕಂಪ್ಯೂಟರ್ ಪ್ರೋಗ್ರಾಮು, ಎಲ್ಲ ಜಪಾನೀ ಭಾಷೆಯಲ್ಲಿ. ಒಂದಕ್ಷರ ಓದಲು ಬಾರದಿದ್ದರೂ ಆ ಕಪಾಟುಗಳ ಉದ್ದ ನೋಡಿ ಹೊಟ್ಟೆ ಉರಿಯುತ್ತದೆ. ಉರಿಯಲಿ.

ಇಷ್ಟು ಹೊಗಳಿದ ಮೇಲೆ ನಮ್ಮ ಭಾಷಣಕಾರರು ಹೇಳದೆ ನುಂಗುವ ಮಾತನ್ನೂ ಹೇಳಬೇಕು. ಟೋಕಿಯೋ ಮಾತನ್ನೇ ‘ಶಿಷ್ಟ’ವೆಂದು ದೇಶದ ಮೇಲೆ ಹೇರಿದಾಗ ಎಲ್ಲರೂ ಒಸಾಕಾದವರಷ್ಟು ಗಟ್ಟಿಯಿರಲಿಲ್ಲ. ಒಕಿನಾವಾ ದ್ವೀಪದ ಶಾಲೆಗಳಲ್ಲಿ ತಾಯಿನುಡಿ ಆಡಿದ ಮಗುವಿನ ಕೊರಳಿಗೆ ‘ಹೋಗೆನ್ ಫುದಾ’ ಎಂಬ ಮರದ ಹಲಗೆ ಕಟ್ಟುತ್ತಿದ್ದರು. ಇನ್ನೊಂದು ಮಗು ಅದೇ ‘ತಪ್ಪು’ ಮಾಡಿ ಸಿಕ್ಕಿಬೀಳುವವರೆಗೆ ಹಲಗೆ ಕಳಚುವಂತಿಲ್ಲ. 2009ರಲ್ಲಿ ಯುನೆಸ್ಕೊ ಪಟ್ಟಿ ಮಾಡಿದಾಗ ಜಪಾನಿನ ಎಂಟು ನುಡಿಗಳು ಅಳಿವಿನಂಚಿನಲ್ಲಿದ್ದವು. ಐನು ಅವುಗಳಲ್ಲಿ ಒಂದು.

ಇದರ ಗುರುತು ಒಸಾಕಾದಲ್ಲೂ ಇದೆ. ತ್ಸುರುಹಾಶಿ ನಿಲ್ದಾಣದಲ್ಲಿ ಇಳಿದರೆ ಸುಟ್ಟ ಮಾಂಸದ ವಾಸನೆ, ಡಬ್ಬಿ ಡಬ್ಬಿ ಕಿಮ್ಚಿ, ಕೊರಿಯಾದ ಬಟ್ಟೆ. ಜಪಾನ್ ಕೊರಿಯಾವನ್ನು ಆಳುತ್ತಿದ್ದಾಗ, 1920ರ ದಶಕದಿಂದ, ಜೇಜು ದ್ವೀಪದ ಬಡವರು ಹಡಗು ಹತ್ತಿ ಇಲ್ಲಿನ ಕಾರ್ಖಾನೆಗಳಿಗೆ ಬಂದರು. 1940ರಲ್ಲಿ ಕೊರಿಯನ್ನರು ಜಪಾನೀ ಹೆಸರಿಟ್ಟುಕೊಳ್ಳಬೇಕೆಂಬ ಕಟ್ಟಳೆ ಬಂತು. ಅವರ ಮೊಮ್ಮಕ್ಕಳು ಇಂದು ಅದೇ ಬೀದಿಯಲ್ಲಿ ಅಪ್ಪಟ ಒಸಾಕಾ ಮಾತಿನಲ್ಲಿ ‘ಓಕಿನಿ’ ಎಂದು ಕಿಮ್ಚಿ ಕಟ್ಟಿಕೊಡುತ್ತಾರೆ. ಅಲ್ಲಿ ಕೊಳ್ಳಿ, ಅಲ್ಲಿ ಉಣ್ಣಿ. ಜಪಾನನ್ನು ಹೊಗಳುವ ಮುಂಚೆ ಈ ಬೀದಿಯನ್ನು ಒಂದು ಸಲ ನಡೆಯಬೇಕು.

ಕೊನೆಯ ಸಂಜೆ ಉಳಿದಿದ್ದರೆ ನಿಪ್ಪೊಂಬಾಶಿಯ ರಾಷ್ಟ್ರೀಯ ಬುನ್ರಾಕು ರಂಗಮಂದಿರ. 1984ರಲ್ಲಿ ತೆರೆದದ್ದು. ಒಂದು ಗೊಂಬೆಗೆ ಮೂವರು ಆಡಿಸುವವರು, ಪಕ್ಕದಲ್ಲಿ ಕೂತು ಹಾಡಿ ಹೇಳುವ ಒಬ್ಬ ಭಾಗವತ, ಒಂದು ಶಾಮಿಸೆನ್. ಉಪ್ಪಿನಕುದ್ರುವಿನ ಸೂತ್ರದ ಗೊಂಬೆ ನೋಡಿದವರಿಗೆ ಮೈ ನವಿರೇಳುತ್ತದೆ. ಚಿಕಮಾತ್ಸು 1703ರಲ್ಲಿ ಬರೆದ ಸೊನೆಝಾಕಿಯ ಪ್ರೇಮಿಗಳ ಕಥೆಯಲ್ಲಿ ನಾಯಕ ದೊರೆಯಲ್ಲ, ಸೋಯಾ ಸಾಸಿನ ಅಂಗಡಿಯ ಗುಮಾಸ್ತ. ಹಾಡುವ ಧಾಟಿಯೆಲ್ಲ ಒಸಾಕಾದ್ದೇ. ಆ ಹಳೆಯ ಮಾತು ಇಂದಿನ ಜಪಾನೀಯರಿಗೂ ಪೂರ್ತಿ ತಿಳಿಯದು. ಅದಕ್ಕಾಗಿ ರಂಗದ ಮೇಲ್ಗಡೆ ಜಪಾನೀ ಅಕ್ಷರಗಳಲ್ಲೇ ಸಾಲುಗಳನ್ನು ತೋರಿಸುತ್ತಾರೆ. ಒಂದೇ ಅಂಕ ನೋಡಿ ಎದ್ದು ಬರುವವರಿಗೆ ಕಡಿಮೆ ಬೆಲೆಯ ಟಿಕೆಟ್ಟೂ ಉಂಟು. ಜನವರಿ, ಏಪ್ರಿಲ್, ನವೆಂಬರ್ ತಿಂಗಳುಗಳಲ್ಲಿ ಆಟ ಇರುತ್ತದೆ.