ಪಠ್ಯಪುಸ್ತಕವನ್ನು ಆಳಿದ ಪರೀಕ್ಷೆ

ಅಮೆರಿಕದಲ್ಲಿ ಶಾಲಾ ಶಿಕ್ಷಣ ರಾಜ್ಯಗಳ ಹೊಣೆ. ಯಾವ ತರಗತಿಗೆ ಯಾವ ಪುಸ್ತಕ ಎಂದು ಒಕ್ಕೂಟ ಸರ್ಕಾರ ಹೇಳುವಂತಿಲ್ಲ. 1979ರಲ್ಲಿ ಶಿಕ್ಷಣ ಇಲಾಖೆಯನ್ನು ಹುಟ್ಟುಹಾಕಿದ ಕಾಯ್ದೆಯೇ ಇದನ್ನು ನಿರ್ಬಂಧಿಸಿದೆ. ಶಾಲೆಗಳ ಒಟ್ಟು ವೆಚ್ಚದಲ್ಲಿ ವಾಷಿಂಗ್ಟನ್ನಿನ ಪಾಲು ಸಾಮಾನ್ಯವಾಗಿ ಶೇ 10ರ ಆಸುಪಾಸು ಮಾತ್ರ. ಹೀಗಿದ್ದೂ ಈ ಶತಮಾನದ ಆರಂಭದಿಂದ ಅಲ್ಲಿನ ಪಠ್ಯಪುಸ್ತಕ ಉದ್ಯಮವನ್ನು ಎತ್ತಿದ್ದರಲ್ಲಿಯೂ ಬೀಳಿಸಿದ್ದರಲ್ಲಿಯೂ ಆ ಸಣ್ಣ ಪಾಲಿನ ಕೈವಾಡ ದೊಡ್ಡದು. ಪುಸ್ತಕವನ್ನು ಮುಟ್ಟದೆಯೇ ಅದನ್ನು ಆಳುವ ಉಪಾಯವೊಂದು ಸರ್ಕಾರಕ್ಕೆ ಸಿಕ್ಕಿತ್ತು. ಅದೇ ಪರೀಕ್ಷೆ.

2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಗೆ ಉಭಯ ಪಕ್ಷಗಳ ಬೆಂಬಲವಿತ್ತು. ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಯಬೇಕು, 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು ಎಂದು ಅದು ವಿಧಿಸಿತು. ಗುರಿ ತಪ್ಪಿದ ಶಾಲೆಗಳ ಮೇಲೆ ಕ್ರಮದ ತೂಗುಗತ್ತಿ. ಪರೀಕ್ಷೆಗಳ ಸಂಖ್ಯೆ ಏರಿದಂತೆ ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಮತ್ತು ಅಂಕ ನೀಡುವ ವ್ಯವಹಾರವೂ ಬೆಳೆಯಿತು. ಮೆಕ್‌ಗ್ರಾ-ಹಿಲ್, ಹಾರ್ಕೋರ್ಟ್, ಪಿಯರ್‌ಸನ್‌ನಂತಹ ಸಂಸ್ಥೆಗಳು ಪಠ್ಯವನ್ನೂ ಮಾರಿದವು, ಅದನ್ನು ಅಳೆಯುವ ಪರೀಕ್ಷೆಯನ್ನೂ ಮಾರಿದವು.

ಇದರ ಪರಿಣಾಮ ನಮ್ಮೂರಿನವರೆಗೂ ತಲುಪಿತು. ಅಮೆರಿಕದ ಶಾಲಾ ಪುಸ್ತಕಗಳ ಪುಟ ವಿನ್ಯಾಸ, ಕರಡು ತಿದ್ದುವಿಕೆ, ಅಭ್ಯಾಸ ಪ್ರಶ್ನೆಗಳ ರಚನೆಯ ಗಣನೀಯ ಭಾಗ ಬೆಂಗಳೂರು, ಚೆನ್ನೈಗಳ ಹೊರಗುತ್ತಿಗೆ ಕಚೇರಿಗಳಲ್ಲಿ ನಡೆಯುತ್ತದೆ. ಅಂತಹ ಕಚೇರಿಯೊಂದರಲ್ಲಿ ಕೆಲವು ವರ್ಷ ದುಡಿದವನು ನಾನು. ಪಾಠದ ಕಥೆ ಮಕ್ಕಳಿಗೆ ರುಚಿಸುವುದೇ ಎಂಬ ಪ್ರಶ್ನೆ ನಮ್ಮ ಮುಂದೆ ಬರುತ್ತಿದ್ದುದು ಅಪರೂಪ. ಪ್ರತಿ ಅಭ್ಯಾಸದ ಪಕ್ಕದಲ್ಲಿ ಆಯಾ ರಾಜ್ಯದ ಕಲಿಕಾ ಮಾನದಂಡದ ಸಂಕೇತಸಂಖ್ಯೆ ತಪ್ಪದೆ ಕೂತಿದೆಯೇ ಎಂಬುದೇ ಮುಖ್ಯವಾಗಿತ್ತು. ಪುಸ್ತಕ ಪರೀಕ್ಷೆಯ ನೆರಳಾಗುವುದು ಹೇಗೆಂದು ನಾನು ಕಂಡದ್ದು ಹೀಗೆ.

ನೇರ ಹಣದ ಆಮಿಷವೂ ಇತ್ತು. ಬಡ ಮಕ್ಕಳಿಗೆ ಓದು ಕಲಿಸಲು ವರ್ಷಕ್ಕೆ ಸುಮಾರು 100 ಕೋಟಿ ಡಾಲರ್‌ಗಳ ‘ರೀಡಿಂಗ್ ಫಸ್ಟ್’ ಯೋಜನೆ ಬಂದಿತು. ಅಧಿಕಾರಿಗಳು ಕೆಲವು ಪ್ರಕಾಶಕರ ಕಾರ್ಯಕ್ರಮಗಳತ್ತ ರಾಜ್ಯಗಳನ್ನು ತಳ್ಳಿದ್ದನ್ನು 2006ರಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿ ಬಯಲಿಗೆಳೆಯಿತು. ಯೋಜನೆಯ ನಿರ್ದೇಶಕರು ಹುದ್ದೆ ತೊರೆದರು. ಮಕ್ಕಳ ಗ್ರಹಿಕೆಯಲ್ಲಿ ಈ ಯೋಜನೆಯಿಂದ ಗಮನಾರ್ಹ ಸುಧಾರಣೆ ಆಗಿಲ್ಲವೆಂದು 2008ರಲ್ಲಿ ಸರ್ಕಾರದ್ದೇ ಮೌಲ್ಯಮಾಪನ ಹೇಳಿತು.

ಸರ್ಕಾರಿ ಬೇಡಿಕೆ ಶಾಶ್ವತವೆಂದು ನಂಬಿದವರಿಗೆ ಕಾಲ ಬೇಗನೆ ಪಾಠ ಕಲಿಸಿತು. ಹಾಟನ್ ಮಿಫ್ಲಿನ್ ಸಂಸ್ಥೆ ಸಾಲದ ಬಲದಿಂದ 2007ರಲ್ಲಿ ಹಾರ್ಕೋರ್ಟಿನ ಶಾಲಾ ಪುಸ್ತಕ ವಿಭಾಗವನ್ನು ಕೊಂಡಿತು. ಮರುವರ್ಷವೇ ಆರ್ಥಿಕ ಕುಸಿತ ಬಂದು ರಾಜ್ಯಗಳು ಪುಸ್ತಕ ಖರೀದಿಯನ್ನು ಮುಂದೂಡಿದವು. 2012ರ ಮೇ ತಿಂಗಳಲ್ಲಿ ಆ ಸಂಸ್ಥೆ ದಿವಾಳಿ ರಕ್ಷಣೆ ಕೋರಿ, ಸುಮಾರು 310 ಕೋಟಿ ಡಾಲರ್ ಸಾಲದ ಹೊರೆ ಇಳಿಸಿಕೊಳ್ಳಬೇಕಾಯಿತು. ದುಡುಕಿನ ಸಾಲ ಅದರದ್ದೇ ತಪ್ಪು, ನಿಜ. ಆದರೆ ಸರ್ಕಾರದ ಖಜಾನೆಯನ್ನೇ ನೆಚ್ಚಿದ ಉದ್ಯಮಕ್ಕೆ ಅಂತಹ ಸಾಲವನ್ನು ತಾಳಿಕೊಳ್ಳುವ ಶಕ್ತಿ ಇರಲಿಲ್ಲ.

ಒಬಾಮ ಆಡಳಿತ 2009ರಲ್ಲಿ 435 ಕೋಟಿ ಡಾಲರ್‌ಗಳ ‘ರೇಸ್ ಟು ದ ಟಾಪ್’ ಸ್ಪರ್ಧೆ ಘೋಷಿಸಿದಾಗ, ಹಣಕ್ಕಾಗಿ ರಾಜ್ಯಗಳು ‘ಕಾಮನ್ ಕೋರ್’ ಎಂಬ ಸಮಾನ ಮಾನದಂಡಗಳತ್ತ ಧಾವಿಸಿದವು. ಒಂದೇ ಪುಸ್ತಕವನ್ನು ದೇಶದಾದ್ಯಂತ ಮಾರಬಹುದೆಂದು ಪ್ರಕಾಶಕರು ಕನಸು ಕಂಡರು. ಬಹುಬೇಗ ರಾಜಕೀಯ ಪ್ರತಿರೋಧ ಎದ್ದಿತು. ಹಲವು ರಾಜ್ಯಗಳು ಹಿಂದೆ ಸರಿದವು. 2015ರ ಡಿಸೆಂಬರಿನ ಹೊಸ ಕಾಯ್ದೆ ವಾರ್ಷಿಕ ಪರೀಕ್ಷೆಯನ್ನು ಉಳಿಸಿ, ಶಾಲೆಗಳ ಹೊಣೆಗಾರಿಕೆಯನ್ನು ಬಹುಪಾಲು ರಾಜ್ಯಗಳಿಗೆ ಮರಳಿಸಿತು. 2019ರಲ್ಲಿ ಪಿಯರ್‌ಸನ್ ತನ್ನ ಅಮೆರಿಕದ ಶಾಲಾ ಪಠ್ಯ ವ್ಯವಹಾರವನ್ನು 25 ಕೋಟಿ ಡಾಲರ್‌ಗೆ ಮಾರಿ ಕೈತೊಳೆದುಕೊಂಡಿತು.

ಹಾಗೆಂದು ಪರೀಕ್ಷೆಯೇ ಅನಿಷ್ಟವೆಂದು ನಾನು ಹೇಳಲಾರೆ. ಕಪ್ಪು ವರ್ಣೀಯ, ಬಡ, ಅಂಗವಿಕಲ ಮಕ್ಕಳ ಫಲಿತಾಂಶವನ್ನು ಪ್ರತ್ಯೇಕವಾಗಿ ಪ್ರಕಟಿಸಬೇಕೆಂದು 2002ರ ಕಾಯ್ದೆ ಕಡ್ಡಾಯ ಮಾಡಿದ್ದರಿಂದಲೇ, ಶಾಲೆಯ ಸರಾಸರಿ ಅಂಕದ ಮರೆಯಲ್ಲಿ ಅಡಗಿದ್ದ ನಿರ್ಲಕ್ಷ್ಯ ಹೊರಬಿದ್ದಿತು. ತಪ್ಪಿದ್ದು ಬೇರೆಡೆ. ಅಳತೆಗೋಲು ಒಂದೇ ಆಗಿ, ಅದಕ್ಕೆ ಹಣವೂ ದಂಡನೆಯೂ ಜೊತೆಗೂಡಿದಾಗ, ಅದಕ್ಕೆ ಹೊಂದದ ಪುಸ್ತಕಕ್ಕೆ ಕೊಳ್ಳುವವರು ಸಿಗುವುದಿಲ್ಲ.

ನಮಗೂ ಇದು ದೂರದ ಕಥೆಯಲ್ಲ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ಪಠ್ಯ ರೂಪಿಸುವ ಅಧಿಕಾರ ಇಂದಿಗೂ ರಾಜ್ಯಕ್ಕಿದೆ, ಕಾಗದದ ಮೇಲೆ. ಆದರೆ 2016ರಿಂದ ವೈದ್ಯಕೀಯ ಪ್ರವೇಶಕ್ಕೆ ನೀಟ್ ಕಡ್ಡಾಯವಾಯಿತು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಬಂದಿತು. ಈ ಪರೀಕ್ಷೆಗಳು ಎನ್‌ಸಿಇಆರ್‌ಟಿ ಪುಸ್ತಕಗಳತ್ತಲೇ ಮುಖಮಾಡಿರುವಾಗ, ಪಿಯುಸಿ ವಿಜ್ಞಾನಕ್ಕೆ ಕನ್ನಡದಲ್ಲಿ ಸ್ವತಂತ್ರವಾಗಿ ಒಳ್ಳೆಯ ಪುಸ್ತಕ ಬರೆಸಿ ಪ್ರಕಟಿಸುವ ಧೈರ್ಯ ಯಾರಿಗಿದ್ದೀತು? ರಾಷ್ಟ್ರೀಯ ಪರೀಕ್ಷೆಯ ಸ್ವರೂಪ ನಿರ್ಧಾರವಾಗುವ ಮೊದಲೇ ರಾಜ್ಯಗಳ ಪಠ್ಯ ಸಮಿತಿಗಳಿಗೆ ಅಲ್ಲಿ ಸ್ಥಾನ ಸಿಗಬೇಕು. ಪಠ್ಯಪುಸ್ತಕದ ಪರಿಷ್ಕರಣೆ ಬಂದಾಗಲೆಲ್ಲ ಬೀದಿಗಿಳಿಯುವ ನಾವು, ಪ್ರಶ್ನೆಪತ್ರಿಕೆ ರೂಪಿಸುವ ಮೇಜಿನ ಸುತ್ತ ಯಾರು ಕೂತಿದ್ದಾರೆಂದು ಕೇಳುವುದು ತೀರಾ ವಿರಳ. ಆ ಪ್ರಶ್ನೆಯನ್ನು ನಮ್ಮ ಸಂಸದರಿಗೂ ಶಿಕ್ಷಣ ಸಚಿವರಿಗೂ ಈಗಲೇ ಕೇಳಬೇಕಿದೆ.