ಹೊಲವೂ ಒಂದು ತರಗತಿ

"ನಾಳೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುತ್ತೇವೆ" ಎಂದು ಶಾಲೆಯಿಂದ ಚೀಟಿ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಮಾತು, "ಪಾಠ ಬಿಟ್ಟು ತಿರುಗಾಟವೇಕೆ?" ಮಗಳಾದರೆ ಇನ್ನೊಂದು ಮಾತು ಸೇರುತ್ತದೆ: "ನೀನು ಹೋಗುವುದು ಬೇಡ."

ಶಿಕ್ಷಕಿಯರನ್ನು ಕೇಳಿ ನೋಡಿ. ತರಗತಿಯಲ್ಲಿ ಬಾಯಿ ಬಿಡದ ಮಗುವೂ ಬಯಲಿಗೆ ಬಂದರೆ ಪ್ರಶ್ನೆ ಕೇಳುತ್ತದೆ, ಕಣ್ಣಾರೆ ಕಂಡದ್ದನ್ನು ಮರೆಯುವುದಿಲ್ಲ ಎನ್ನುತ್ತಾರೆ. ಆದರೆ ಪಠ್ಯ ಮುಗಿಸುವ ಅವಸರ, ಅಷ್ಟು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಭಯ, ಹೆತ್ತವರ ಅಸಮಾಧಾನ ಅವರನ್ನು ತಡೆಯುತ್ತವೆ.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸೂಚಿಸಿತು. ಪುಸ್ತಕವಂತೂ ಬಂತು. ಆದರೆ ಪುಸ್ತಕದಲ್ಲಿರುವ ಮಣ್ಣು ಕೈಗೆ ಅಂಟುವುದಿಲ್ಲವಲ್ಲ!

ಚಿಕ್ಕೋಡಿ ತಾಲೂಕಿನ ಕರೋಶಿಯಂತಹ ಊರಿನಲ್ಲಿ ಇಂತಹ ಪಾಠಕ್ಕೆ ಬಸ್ಸು ಬೇಕಿಲ್ಲ, ಹಣವೂ ಬೇಕಿಲ್ಲ. ಹಗ್ಗಕ್ಕೆ ಗಂಟು ಹಾಕಿ, ಶಿಕ್ಷಕಿಯ ಎದುರಿನಲ್ಲೇ, ಬಾವಿಯ ನೀರು ಪ್ರತಿ ತಿಂಗಳು ಎಷ್ಟು ಇಳಿಯಿತೆಂದು ಅಳೆಯಬಹುದು. ಕಬ್ಬು ಕಟಾವಾದ ಮೇಲೆ ರವದಿ ಸುಟ್ಟ ಹೊಲದ ಮಣ್ಣನ್ನೂ ರವದಿ ಹೊದಿಸಿದ ಹೊಲದ ಮಣ್ಣನ್ನೂ ಮುಟ್ಟಿ ನೋಡಬಹುದು. ಯಾವುದರಲ್ಲಿ ತೇವವಿದೆ, ಯಾವುದರಲ್ಲಿ ಎರೆಹುಳುವಿದೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಕೃಷ್ಣಾ ತೀರದ ಊರುಗಳಲ್ಲಿ ಕಬ್ಬಿಗೆ ಅತಿಯಾಗಿ ನೀರುಣಿಸಿ, ಬಸಿಗಾಲುವೆ ಇಲ್ಲದೆ ಉಪ್ಪು ಮೇಲೆದ್ದು ಎಷ್ಟೋ ಜಮೀನು ಸವಳಾಗಿದೆ. ನಾಳೆ ಆ ಜಮೀನಿನಲ್ಲಿ ದುಡಿಯಬೇಕಾದವರು ಇದೇ ಮಕ್ಕಳು. ಕಾರಣವನ್ನು ಅವರು ಈಗಲೇ ತಿಳಿಯಬೇಡವೇ?

ಕುರ್‌ಆನ್ ಕೂಡ ಮನುಷ್ಯನನ್ನು ಹೊರಗೆ ನೋಡಲು ಕರೆಯುತ್ತದೆ. ಒಂಟೆಯ ಸೃಷ್ಟಿ, ಎತ್ತರದ ಆಕಾಶ, ನೆಟ್ಟ ಪರ್ವತ, ಹಾಸಿದ ಭೂಮಿ - ಇವುಗಳನ್ನು ಗಮನಿಸುವುದಿಲ್ಲವೇ ಎಂದು ಅಲ್ ಗಾಶಿಯ ಅಧ್ಯಾಯ ಪ್ರಶ್ನಿಸುತ್ತದೆ. ಆ ಪ್ರಶ್ನೆ ಗಂಡುಮಕ್ಕಳಿಗೆ ಮಾತ್ರ ಕೇಳಿದ್ದಲ್ಲ. ಬಾವಿಯಿಂದ ನೀರು ಹೊರುವವಳು, ಒಲೆಗೆ ಸೌದೆ ಹೊಂದಿಸುವವಳು ಹೆಚ್ಚಾಗಿ ಹೆಣ್ಣೇ. ನೀರು ಬತ್ತಿದಾಗ ಮೊದಲು ಬವಣೆ ಪಡುವವಳೂ ಅವಳೇ. ಅವಳನ್ನೇ ಆ ಪಾಠದಿಂದ ದೂರವಿಟ್ಟರೆ ಹೇಗೆ?

ಶಿಕ್ಷಕಿಯ ಭಯ ಸುಳ್ಳಲ್ಲ, ತಾಯಿಯ ಆತಂಕವೂ ಸುಳ್ಳಲ್ಲ. ಎರಡಕ್ಕೂ ಒಂದೇ ಮದ್ದು ಇದೆ. ಇಬ್ಬರು ತಾಯಂದಿರು ಜೊತೆಗೆ ಹೋದರೆ ಸಾಕು, ಮಕ್ಕಳೂ ಸುರಕ್ಷಿತ, ಶಿಕ್ಷಕಿಗೂ ಧೈರ್ಯ. ಬೀಜ ಕಾಪಿಡುವುದು, ಮಳೆ ನೀರು ಹಿಡಿಯುವುದು ನಮಗೆ ತಿಳಿದಿರುವ ವಿದ್ಯೆಗಳೇ. ಅವನ್ನು ಅಲ್ಲಿ ನಾವೂ ಕಲಿಸಬಹುದು.

ಸಹೋದರಿಯರೇ, ಮುಂದಿನ ಸಲ ಶಾಲೆಯಿಂದ ಚೀಟಿ ಬಂದಾಗ "ಯಾಕೆ?" ಎನ್ನಬೇಡಿ. "ನಾನೂ ಬರಲೇ?" ಎಂದು ಕೇಳಿ.