ಪ್ಯಾರಿಸ್ಸಿನಲ್ಲಿ ಅರ್ಧ ದಿನ: ಕಾರ್ನವಾಲೆ ನೋಡಬೇಕೆ, ಬಿಡಬೇಕೆ?

ನಗರ ಚರಿತ್ರೆಯ ವಸ್ತುಸಂಗ್ರಹಾಲಯವೆಂದರೆ ಒಂದು ಊರು ತನ್ನ ಹುಟ್ಟು, ಬೆಳವಣಿಗೆ, ದಂಗೆ, ವ್ಯಾಪಾರ ಮತ್ತು ದಿನಬಳಕೆಯ ಕುರುಹುಗಳನ್ನು ಒಂದೆಡೆ ಕೂಡಿಟ್ಟುಕೊಂಡ ಸಂಸ್ಥೆ. ಕಲಾಕೃತಿಯಾಗಿ ವಸ್ತು ಎಷ್ಟು ಶ್ರೇಷ್ಠ ಎಂಬುದಕ್ಕಿಂತ ಊರಿನ ಬದುಕಿಗೆ ಅದು ಎಷ್ಟರಮಟ್ಟಿಗೆ ಸಾಕ್ಷಿ ಎಂಬುದೇ ಅಲ್ಲಿ ಆಯ್ಕೆಯ ಅಳತೆಗೋಲು. ಪ್ಯಾರಿಸ್ಸಿನ ಮಾರೇ ಬಡಾವಣೆಯಲ್ಲಿರುವ, 1880ರಲ್ಲಿ ಸಾರ್ವಜನಿಕರಿಗೆ ತೆರೆದ ಕಾರ್ನವಾಲೆ ಈ ಬಗೆಯ ಸಂಗ್ರಹಾಲಯಗಳ ಪೈಕಿ ಹಳೆಯದೂ ಹೆಸರಾದದ್ದೂ ಹೌದು. ಮೂರು ನಾಲ್ಕು ದಿನಗಳ ಮಟ್ಟಿಗೆ ಆ ನಗರಕ್ಕೆ ಬರುವ, ಫ್ರೆಂಚ್ ಬಾರದ ವಿದೇಶಿ ಪ್ರವಾಸಿ ಅದಕ್ಕಾಗಿ ಅರ್ಧ ದಿನ ಎತ್ತಿಡಬೇಕೆ ಎಂಬ ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳಿವೆ.

ಪರ: ಅಳಿದುಹೋದ ಊರನ್ನು ಬೀದಿಯಲ್ಲಿ ಹುಡುಕಲಾಗದು

ವಿದೇಶಿ ಪ್ರವಾಸಿ ಪ್ಯಾರಿಸ್ ಎಂದು ನೋಡಿ, ಮೆಚ್ಚಿ, ಫೋಟೊ ತೆಗೆದುಕೊಂಡು ಬರುವ ಊರಿನ ಬಹುಪಾಲು ಹತ್ತೊಂಬತ್ತನೆಯ ಶತಮಾನದ್ದು ಎಂಬ ಮಾತನ್ನು ಮೊದಲೇ ಹೇಳಿಬಿಡಬೇಕು. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ, 1853ರಿಂದ 1870ರವರೆಗೆ, ಸೇನ್ ಜಿಲ್ಲೆಯ ಪ್ರಿಫೆಕ್ಟ್ ಆಗಿದ್ದ, ಅಂದರೆ ಭಾರತದ ಲೆಕ್ಕದಲ್ಲಿ ಜಿಲ್ಲಾಧಿಕಾರಿಯ ಮತ್ತು ಪಾಲಿಕೆ ಆಯುಕ್ತರ ಅಧಿಕಾರವೆರಡನ್ನೂ ಒಟ್ಟಿಗೆ ಹಿಡಿದಿದ್ದ ಓಸ್ಮಾನ್, ಇಕ್ಕಟ್ಟಾದ ಓಣಿಗಳನ್ನು ಒಡೆಸಿ ನೇರವಾದ ಅಗಲ ರಸ್ತೆಗಳನ್ನು ಹಾಯಿಸಿದ. ಇಂದು ಪ್ಯಾರಿಸ್ಸಿನ ಗುರುತೇ ಆಗಿಬಿಟ್ಟಿರುವ, ಒಂದೇ ಎತ್ತರದ, ಕಬ್ಬಿಣದ ಕಟಕಟೆಯ ಕಲ್ಲುಮನೆಗಳ ಸಾಲು ಆ ಒಡೆತದ ಮೇಲೆ ಎದ್ದು ನಿಂತದ್ದು. ನೋಟ್ರ ಡಾಮ್ ಇಗರ್ಜಿಯ ಎದುರಿನ ವಿಶಾಲ ಅಂಗಳವೂ ಒತ್ತೊತ್ತಾಗಿದ್ದ ಕಟ್ಟಡಗಳನ್ನು ಕೆಡವಿ ಮಾಡಿದ ಬಯಲು. ಒತೆಲ್ ದ ವಿಲ್ ಎಂಬ ನಗರಸಭಾ ಭವನ ನೋಡಲು ಹದಿನಾರನೆಯ ಶತಮಾನದ್ದೆಂಬಂತೆ ತೋರುತ್ತದಾದರೂ, ಮೂಲ ಕಟ್ಟಡ 1871ರ ಮೇ ತಿಂಗಳಲ್ಲಿ, ಪ್ಯಾರಿಸ್ ಕಮ್ಯೂನ್ ಎಂಬ ಕ್ರಾಂತಿಕಾರಿ ನಗರ ಸರ್ಕಾರವನ್ನು ಸೇನೆ ಹತ್ತಿಕ್ಕಿದ ವಾರದಲ್ಲಿ, ಸುಟ್ಟುಹೋಗಿ, ಈಗಿನದು ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದ್ದು. ಅದೇ ವಾರ ಸುಟ್ಟ ಟ್ವಿಲರಿ ಅರಮನೆಯ ಗೋಡೆಗಳನ್ನಂತೂ 1883ರಲ್ಲಿ ಪೂರ್ತಿ ಕೆಡವಲಾಯಿತು, ಅದರ ಹೆಸರು ಈಗ ಉದ್ಯಾನವೊಂದಕ್ಕೆ ಉಳಿದಿದೆ. ಊರನ್ನು ಸುತ್ತಿದರೆ ಸಾಕು, ಊರೇ ಮ್ಯೂಸಿಯಂ ಎನ್ನುವವರು, ಈ ಊರು ಎಷ್ಟು ಸಲ ತನ್ನ ಹಳೆಯ ಮೈಯನ್ನು ಕಳಚಿ ಹಾಕಿದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾರ್ನವಾಲೆ ಹುಟ್ಟಿದ್ದು ಈ ಕೆಡವುವಿಕೆಯ ನಡುವೆಯೇ. ಹದಿನಾರನೆಯ ಶತಮಾನದ ಈ ಮಹಲನ್ನು, ಹಿಂದೆ ತನ್ನ ಪತ್ರಗಳಿಂದ ಹೆಸರಾದ ಮದಾಮ್ ದ ಸೆವಿನ್ಯೆ ಬಾಡಿಗೆಗಿದ್ದ ಮನೆಯನ್ನು, 1866ರಲ್ಲಿ ನಗರಾಡಳಿತ ಕೊಂಡದ್ದು ಓಸ್ಮಾನನ ಸಲಹೆಯ ಮೇಲೆ; ಒಂದು ಕೈಯಲ್ಲಿ ಹಾರೆ ಹಿಡಿದವನೇ ಇನ್ನೊಂದು ಕೈಯಲ್ಲಿ ಚೂರುಗಳನ್ನು ಆರಿಸಿಟ್ಟ. ಒಡೆಯಬೇಕೆಂದು ಗುರುತಾದ ಬೀದಿಗಳನ್ನು ಅವು ಇರುವಾಗಲೇ ದಾಖಲಿಸಲು ನಗರಾಡಳಿತವೇ ನೇಮಿಸಿದ್ದ ಛಾಯಾಗ್ರಾಹಕ ಶಾರ್ಲ್ ಮಾರ್ವಿಲ್‌ನ ಚಿತ್ರಗಳು ಈ ಸಂಗ್ರಹದಲ್ಲಿವೆ: ನಡುವೆ ಚರಂಡಿ ಹರಿಯುವ ಒದ್ದೆ ಕಲ್ಲುಹಾಸು, ಬಾಗಿದ ಗೋಡೆಗಳು, ಆಗಿನ ಕ್ಯಾಮೆರಾ ಹಿಡಿಯಲಾರದಷ್ಟು ಬೇಗ ನಡೆದುಹೋದ ಜನರಿಂದಾಗಿ ಖಾಲಿಯಾಗಿ ಕಾಣುವ ಓಣಿಗಳು. 1871ರ ಬೆಂಕಿಯಲ್ಲಿ ನಗರಸಭಾ ಭವನದೊಂದಿಗೆ ನಗರದ ಗ್ರಂಥಾಲಯವೂ ಬೂದಿಯಾದಾಗ ಗ್ರಂಥಪಾಲಕ ಜೂಲ್ ಕುಸ್ಯಾಂ ತನ್ನ ಸ್ವಂತ ಪುಸ್ತಕ ಮತ್ತು ಚಿತ್ರಗಳನ್ನೇ ನಗರಕ್ಕೆ ಕೊಟ್ಟು ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸಿದ. ಅಂಥ ಸಂಗ್ರಹದಲ್ಲಿ ಇಂದು ಆರು ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ; ಪ್ರದರ್ಶನದಲ್ಲಿರುವುದು ಅದರ ಸಣ್ಣದೊಂದು ಪಾಲು ಮಾತ್ರ.

ಒಳಹೊಕ್ಕೊಡನೆ ಎದುರಾಗುವ ಅಂಗಡಿ ಫಲಕಗಳ ಕೋಣೆಯೊಂದೇ ಈ ವಾದಕ್ಕೆ ಸಾಕು. ಮನೆಗಳಿಗೆ ಬೆಸ, ಸಮ ಸಂಖ್ಯೆಗಳನ್ನು ಬೀದಿಯ ಎರಡು ಬದಿಗೆ ಹಂಚುವ, ಸೇನ್ ನದಿಯನ್ನು ಆಧಾರವಾಗಿಟ್ಟುಕೊಂಡ ಈಗಿನ ಪದ್ಧತಿ ಜಾರಿಗೆ ಬಂದದ್ದು 1805ರ ಆದೇಶದಿಂದ. ಅದಕ್ಕಿಂತ ಹಿಂದೆ ವಿಳಾಸವೆಂದರೆ ಬಾಗಿಲ ಮೇಲೆ ತೂಗುವ ಕಬ್ಬಿಣದ ಅಥವಾ ಮರದ ಆಕೃತಿಯೇ ಆಗಿತ್ತು, ಬೀಗದವನಿಗೆ ದೊಡ್ಡದೊಂದು ಬೀಗದ ಕೈ, ದ್ರಾಕ್ಷಾರಸದ ಅಂಗಡಿಗೆ ದ್ರಾಕ್ಷಿ ಗೊಂಚಲು. ಓದು ಬಾರದವರ ಊರು ತನ್ನ ದಾರಿಯನ್ನು ಹೀಗೆ ಕಂಡುಕೊಂಡಿತ್ತು. ತಗಡಿನಲ್ಲಿ ಕತ್ತರಿಸಿದ ಕಪ್ಪು ಬೆಕ್ಕೊಂದು ಬೆನ್ನು ಬಿಲ್ಲಾಗಿಸಿ ಚಂದ್ರನ ಮೇಲೆ ನಿಂತಿರುವುದು ಮೊಂಮಾರ್ತ್ರ್ ಗುಡ್ಡದ ಪ್ರಸಿದ್ಧ 'ಶಾ ನ್ವಾರ್' ಎಂಬ ಹಾಡುಗಬ್ಬದ ಹೋಟೆಲಿನ ಫಲಕ. ಆ ಬೆಕ್ಕಿನ ಭಿತ್ತಿಪತ್ರದ ನಕಲನ್ನು ನಗರದ ಪ್ರತಿಯೊಂದು ನೆನಪಿನ ಕಾಣಿಕೆಯ ಅಂಗಡಿಯಲ್ಲೂ ಕೊಳ್ಳುವ ಪ್ರವಾಸಿ, ಅಸಲಿ ಫಲಕ ಬಿಟ್ಟಿಯಾಗಿ ನೋಡಲು ಸಿಗುತ್ತದೆಂದರೂ ಹೋಗದಿರುವುದಕ್ಕೆ ಸೋಮಾರಿತನವಲ್ಲದೆ ಬೇರೆ ಕಾರಣವಿಲ್ಲ.

ಮೇಲಂತಸ್ತಿನಲ್ಲಿ, 1989ರಲ್ಲಿ ಸಂಗ್ರಹಾಲಯಕ್ಕೆ ಸೇರಿಕೊಂಡ ಪಕ್ಕದ ಲ ಪೆಲ್ತಿಯೆ ಮಹಲಿನಲ್ಲಿ, ಫ್ರೆಂಚ್ ಕ್ರಾಂತಿಯ ವಿಭಾಗವಿದೆ. ಬಾಸ್ಟಿಲ್ ಸೆರೆಮನೆಯನ್ನು ಕೆಡವುವ ಗುತ್ತಿಗೆ ಹಿಡಿದ ಪಾಲುವಾ ಎಂಬಾತ ಅದೇ ಕೋಟೆಯ ಕಲ್ಲಿನಲ್ಲಿ ಕೋಟೆಯ ಪುಟ್ಟ ಮಾದರಿಗಳನ್ನು ಕೆತ್ತಿಸಿ ದೇಶದ ಜಿಲ್ಲೆಗಳಿಗೆಲ್ಲ ಕಳಿಸಿದ್ದ. ಅಂಥದೊಂದನ್ನು ಇಲ್ಲಿ ಕಾಣಬಹುದು. ಹದಿನಾರನೆಯ ಲೂಯಿಯ ಕುಟುಂಬವನ್ನು ಸೆರೆಯಿಟ್ಟಿದ್ದ ತಾಂಪ್ಲ್ ಗೋಪುರ 1808ರಲ್ಲಿ ನೆಲಕಂಡಿತು, ಆದರೆ ಸೆರೆಯಲ್ಲಿ ಅವರು ಬಳಸಿದ ಪೀಠೋಪಕರಣಗಳು ಇಲ್ಲಿವೆ. ಕ್ರಾಂತಿಯ ನಾಯಕ ರೊಬೆಸ್ಪಿಯರ್ ಪದಚ್ಯುತನಾದ 1794ರ ಜುಲೈ 27ರ ರಾತ್ರಿ ಬೆಂಬಲಿಗರಿಗೆಂದು ಬರೆದ ಕರೆಯೋಲೆಯೊಂದು ಈ ಸಂಗ್ರಹದಲ್ಲಿದ್ದು, ಅದರ ಕೆಳಗೆ ಆತನ ಹೆಸರಿನ ಮೊದಲ ಎರಡು ಅಕ್ಷರಗಳಷ್ಟೇ ಇವೆ. ಕಾಗದದ ಮೇಲಿನ ಕಲೆಗಳು ಆತನ ರಕ್ತದವೆಂದು ಬಹುಕಾಲ ಹೇಳುತ್ತ ಬಂದದ್ದನ್ನು ಇತಿಹಾಸಕಾರರು ಸಂಶಯದಿಂದ ನೋಡಿದರೂ, ಅರ್ಧಕ್ಕೆ ನಿಂತ ಆ ಸಹಿಯ ಬಗ್ಗೆ ಸಂಶಯವಿಲ್ಲ. ಐಫೆಲ್ ಗೋಪುರದ ಮೂರನೆಯ ಮಜಲಿನಿಂದ ಇದಾವುದೂ ಕಾಣುವುದಿಲ್ಲ.

ಕರ್ನಾಟಕದಿಂದ ಹೋಗುವವರಿಗೆ ಇನ್ನೊಂದು ಕಾರಣವೂ ಇದೆ. ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು 1788ರ ಬೇಸಿಗೆಯಲ್ಲಿ ಪ್ಯಾರಿಸ್ ಸೇರಿ, ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ದೊರೆಯನ್ನು ಕಂಡು, ಬ್ರಿಟಿಷರ ವಿರುದ್ಧದ ಸೇನಾ ನೆರವು ದಕ್ಕದೆ ಮರಳಿದರು. ಬಾಸ್ಟಿಲ್ ಇನ್ನೂ ಇಡಿಯಾಗಿ ನಿಂತಿದ್ದ, ಓಸ್ಮಾನ್ ಹುಟ್ಟಿಯೇ ಇರದಿದ್ದ ಆ ಊರನ್ನು ಶ್ರೀರಂಗಪಟ್ಟಣದವರ ಕಣ್ಣಿನಿಂದ ಊಹಿಸಿಕೊಳ್ಳಬೇಕೆಂದರೆ ಹದಿನೆಂಟನೆಯ ಶತಮಾನದ ನಗರದೃಶ್ಯಗಳನ್ನು ತೂಗುಹಾಕಿರುವ ಈ ಕೋಣೆಗಳಿಗಿಂತ ಒಳ್ಳೆಯ ಜಾಗ ಸಿಗಲಾರದು.

ಭಾಷೆ ಬಾರದು ಎಂಬ ಆಕ್ಷೇಪ ಹಳತಾಯಿತು. ನಾಲ್ಕೂವರೆ ವರ್ಷಗಳ ದುರಸ್ತಿಯ ನಂತರ 2021ರ ಮೇ ತಿಂಗಳಲ್ಲಿ ಮತ್ತೆ ತೆರೆದಾಗಿನಿಂದ ಮುಖ್ಯ ವಿವರಣೆಗಳು ಇಂಗ್ಲಿಷಿನಲ್ಲೂ ಇವೆ. ಆ ಸಂದರ್ಭದಲ್ಲಿ ಕೆಲವು ಫಲಕಗಳಿಂದ ರೋಮನ್ ಅಂಕಿಗಳನ್ನು ತೆಗೆದು 'ಲೂಯಿ 14' ಎಂದು ಬರೆದದ್ದಕ್ಕೆ ಫ್ರಾನ್ಸ್ ಮತ್ತು ಇಟಲಿಯ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತ್ತು. ಅಲ್ಲಿಯವರು ಅರಬ್ಬೀ ಎನ್ನುವ ಆ ಅಂಕಿಗಳ ತವರು ಭಾರತವಾದ್ದರಿಂದ ಭಾರತೀಯ ಪ್ರವಾಸಿಗಂತೂ ದೂರುವ ಹಕ್ಕಿಲ್ಲ. ಹಣದ ಮಾತಿಗೆ ಬಂದರೆ, ಲೂವ್ರ್ 2026ರ ಜನವರಿಯಿಂದ ಯುರೋಪಿಯನ್ ಆರ್ಥಿಕ ವಲಯದ ಹೊರಗಿನವರಿಗೆ 32 ಯೂರೋ ಪ್ರವೇಶದರ ನಿಗದಿ ಮಾಡಿರುವಾಗ, ಕಾರ್ನವಾಲೆಯ ಶಾಶ್ವತ ಪ್ರದರ್ಶನಕ್ಕೆ ಯಾವ ದೇಶದವರಿಗೂ ಟಿಕೆಟ್ ಇಲ್ಲ. ಕೋಣೆಗಳು ಚಕ್ರವ್ಯೂಹದಂತಿವೆ, ದಾರಿ ತಪ್ಪುತ್ತದೆ ಎಂಬುದು ನಿಜ. ಚಿನ್ನದ ರೇಖೆಯ ಮರದ ಹೊದಿಕೆಯ ಸಿರಿವಂತರ ದಿವಾನಖಾನೆಗಳು ಮೂರನೆಯದರ ಹೊತ್ತಿಗೆ ಬೇಸರ ತರುತ್ತವೆ ಎಂಬುದೂ ನಿಜ. ಅವುಗಳನ್ನು ಬಿಟ್ಟು ಮುಂದೆ ಹೋದರೆ ಕಳೆದುಕೊಳ್ಳುವುದೇನೂ ಇಲ್ಲ. ಅರ್ಧದಷ್ಟು ಸಂಗ್ರಹಾಲಯವನ್ನು ಬಿಟ್ಟ ಮೇಲೂ ಉಳಿಯುವ ಅರ್ಧವೇ ಈ ವಾದದ ಬಲ.

ವಿರೋಧ: ಮನೆಯವರಿಗಾಗಿ ಇಟ್ಟದ್ದು ಮನೆಯವರಿಗೆ

ಕಾರ್ನವಾಲೆ ಒಳ್ಳೆಯ ಸಂಗ್ರಹಾಲಯ ಎಂಬುದರಲ್ಲಿ ವಿವಾದವಿಲ್ಲ; ವಿವಾದವಿರುವುದು ಅದು ಯಾರಿಗೆ ಒಳ್ಳೆಯದು ಎಂಬುದರಲ್ಲಿ. ಸಮಯದ ಲೆಕ್ಕವನ್ನು ಮೊದಲು ಮುಗಿಸಬಹುದು: ಮೂರು ದಿನಗಳಲ್ಲಿ ಲೂವ್ರ್, ಓರ್ಸೆ ಕಲಾಸಂಗ್ರಹಾಲಯಗಳು, 2019ರ ಬೆಂಕಿಯ ನಂತರ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ನೋಟ್ರ ಡಾಮ್, ವರ್ಸೇಲ್ಸ್ ಇವಿಷ್ಟೇ ಹಿಡಿಸುವುದಿಲ್ಲ, ಮತ್ತು ವೀಸಾ, ವಿಮಾನಗಳಿಗೆ ಅಷ್ಟೊಂದು ಖರ್ಚು ಮಾಡಿ ಹೋದವರು ಅವನ್ನು ಬಿಟ್ಟು ಅಂಗಡಿ ಫಲಕ ನೋಡಲೆಂದು ಹೋಗಬೇಕೆನ್ನುವುದು ಊರಿನಲ್ಲಿ ಬಹುಕಾಲ ನೆಲೆಸಿದವರ ಸಲಹೆ. ಪ್ರವೇಶ ಉಚಿತ ಎಂಬುದು ಒಂದು ಅನುಕೂಲವೇ ಹೊರತು ಹೋಗಲು ಕಾರಣವಲ್ಲ.

ಎರಡನೆಯದು ಪೂರ್ವಜ್ಞಾನದ ಪ್ರಶ್ನೆ. ನಗರ ಸಂಗ್ರಹಾಲಯ ನೋಡುಗನಿಗೆ ಕಥೆ ಗೊತ್ತಿದೆ ಎಂದು ಮೊದಲೇ ನಂಬಿ, ಆ ಕಥೆಯ ವಸ್ತುಗಳನ್ನು ತೋರಿಸುತ್ತದೆ. ಭಾರತದ ಶಾಲೆಯಲ್ಲಿ ಕಲಿತವರಿಗೆ 1789ರ ಕ್ರಾಂತಿ ಗೊತ್ತು, ನೆಪೋಲಿಯನ್ ಗೊತ್ತು; ಹದಿನೇಳನೆಯ ಶತಮಾನದಲ್ಲಿ ಎಳೆಯ ದೊರೆಯ ವಿರುದ್ಧ ನ್ಯಾಯಾಧೀಶರೂ ಸರದಾರರೂ ಎದ್ದ ಫ್ರೋಂದ್ ಎಂಬ ದಂಗೆ, 1830ರ ಮೂರು ದಿನ, 1848ರ ಬ್ಯಾರಿಕೇಡುಗಳು ಒಂದಾದ ಮೇಲೊಂದು ಬರುವಾಗ ಎಲ್ಲ ಟೋಪಿಗಳೂ ಒಂದೇ ತೆರನಾಗಿ ಕಾಣತೊಡಗುತ್ತವೆ. ಮಾರ್ಸೆಲ್ ಪ್ರೂಸ್ಟ್‌ನ ಹಿತ್ತಾಳೆಯ ಮಂಚ, ಸದ್ದು ತಡೆಯಲು ಗೋಡೆಗೆ ಹೊಡೆಸಿದ್ದ ಬೆಂಡಿನ ಹಲಗೆ, ಇವು ಅವನ ಕಾದಂಬರಿ ಓದದವರಿಗೆ ಮಂಚ ಮತ್ತು ಬೆಂಡು ಮಾತ್ರ. ಆಲ್ಫೋನ್ಸ್ ಮೂಶಾ 1901ರಲ್ಲಿ ವಿನ್ಯಾಸ ಮಾಡಿದ ಫುಕೆ ಆಭರಣದ ಅಂಗಡಿಯ ನವಿಲು ಮಾತ್ರ ಏನೂ ಓದದವರನ್ನೂ ನಿಲ್ಲಿಸುತ್ತದೆ ಎಂಬುದನ್ನು ಒಪ್ಪಬೇಕು.

ಮೂರನೆಯದು ಎಲ್ಲೆಯ ಪ್ರಶ್ನೆ, ಇದು ಹೆಚ್ಚು ಗಂಭೀರವಾದದ್ದು. ನಗರಾಡಳಿತದ ಸಂಗ್ರಹಾಲಯ ನಗರಾಡಳಿತದ ಗಡಿಯನ್ನೇ ತನ್ನ ಗಡಿಯಾಗಿ ಇಟ್ಟುಕೊಳ್ಳುವುದು ಸಹಜ. ಆದರೆ ಇಪ್ಪತ್ತು ವಾರ್ಡುಗಳ ಆಡಳಿತಾತ್ಮಕ ಪ್ಯಾರಿಸ್ಸಿನಲ್ಲಿ ಇರುವವರು ಸುಮಾರು 21 ಲಕ್ಷ ಮಂದಿ, ಸುತ್ತಲಿನ ಉಪನಗರಗಳೂ ಸೇರಿದ ಮಹಾನಗರದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ. ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಬರುವಾಗ ಪ್ರವಾಸಿಯ ಜೊತೆ ಕುಳಿತಿರುವವರು ಬಹುಪಾಲು ಈ ಎರಡನೆಯ ಲೆಕ್ಕಕ್ಕೆ ಸೇರಿದವರು. ಹೊರಗಿನಿಂದ ಬಂದವರಿಗೆ ಹೊರಗಿನಿಂದ ಬಂದವರ ಚರಿತ್ರೆಯೇ ಹೆಚ್ಚು ಹತ್ತಿರವಾದೀತು ಎಂದಾದರೆ, ನಗರದ ಪೂರ್ವದಂಚಿನ ಪೋರ್ತ್ ದೋರೆಯಲ್ಲಿ 1931ರ ವಸಾಹತು ಪ್ರದರ್ಶನಕ್ಕೆಂದು ಕಟ್ಟಿದ ಅರಮನೆಯಲ್ಲಿ 2007ರಿಂದ ನಡೆಯುತ್ತಿರುವ ವಲಸೆ ಚರಿತ್ರೆಯ ಸಂಗ್ರಹಾಲಯಕ್ಕೆ ಆ ಅರ್ಧ ದಿನ ಸಲ್ಲಬೇಕು. ಸಾಮ್ರಾಜ್ಯವನ್ನು ಮೆರೆಸಲು ಗೋಡೆಯುದ್ದಕ್ಕೂ ಕೆತ್ತಿದ ಶಿಲ್ಪಗಳ ಹಿಂದೆಯೇ ಆ ಸಾಮ್ರಾಜ್ಯದ ಪ್ರಜೆಗಳು ಕೂಲಿಗಳಾಗಿ, ಸೈನಿಕರಾಗಿ, ವಿದ್ಯಾರ್ಥಿಗಳಾಗಿ ಬಂದ ಕಥೆಯಿದೆ. ಟಿಪ್ಪುವಿನ ರಾಯಭಾರಿಗಳ ವಿಷಯಕ್ಕೆ ಹೇಳುವುದಾದರೆ, ಅವರು ಅಂದಿನ ಪ್ಯಾರಿಸ್ಸಿಗೆ ಒಂದು ಋತುವಿನ ಸೋಜಿಗ. ಅಷ್ಟರ ಮೇಲೆ ಒಂದು ಸಂಗ್ರಹಾಲಯದ ಭೇಟಿಯನ್ನು ನಿಲ್ಲಿಸುವುದು ಹಿಗ್ಗಿಸಿದ ನೆಂಟಸ್ತನ.

ಕೊನೆಗೆ, ಅಳಿದುಹೋದದ್ದು ಬೀದಿಯಲ್ಲಿ ಸಿಗದು ಎಂಬ ಮಾತು ಅತಿಯಾಯಿತು. ಬಾಸ್ಟಿಲ್‌ನ ಮಟ್ಟಿಗಂತೂ ಅದು ಸುಳ್ಳು: ಕೋಟೆಯ ಗೋಡೆ ಹಾದಿದ್ದ ಗೆರೆಯನ್ನು ಚೌಕದ ನೆಲಗಟ್ಟಿನಲ್ಲಿ ಬೇರೆ ಕಲ್ಲುಗಳಿಂದ ಗುರುತಿಸಲಾಗಿದೆ, ಐದನೆಯ ಮೆಟ್ರೊ ಮಾರ್ಗದ ಬಾಸ್ಟಿಲ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಅಡಿಪಾಯದ ತುಣುಕು ಕಾಣುತ್ತದೆ, ಹತ್ತಿರದ ಆಂರಿ ಗಲ್ಲಿ ಉದ್ಯಾನದಲ್ಲಿ ಒಂದು ಬುರುಜಿನ ಬುಡವನ್ನು ಎತ್ತಿ ತಂದು ಇಟ್ಟಿದ್ದಾರೆ, ಸೇನ್ ನದಿಯ ಕೊಂಕೊರ್ದ್ ಸೇತುವೆಗೆ ಆ ಕೋಟೆಯ ಕಲ್ಲುಗಳೇ ಸಂದಿವೆ. ಕಲ್ಲನ್ನು ಗಾಜಿನ ಹಿಂದೆ ನೋಡುವುದಕ್ಕಿಂತ ಅದರ ಮೇಲೆ ನಡೆದುಹೋಗುವುದು ಮೇಲು. ಚೌಕದ ನಡುವಿನ ಎತ್ತರದ ಕಂಬವನ್ನು 1789ರ ಸ್ಮಾರಕವೆಂದೇ ಬಗೆದು ಅದರ ಕೆಳಗೆ ಫೋಟೊ ತೆಗೆಸಿಕೊಳ್ಳುವವರು ಬಹಳ, ಅದು 1830ರಲ್ಲಿ ಮಡಿದವರದ್ದು. ನೆಲದ ಮೇಲಿನ ಗೆರೆಯೂ ಕೋಟೆಯ ಆಕಾರವನ್ನು ಎಲ್ಲಾದರೂ ಮೊದಲು ಕಂಡವರಿಗಷ್ಟೇ ಗೋಡೆಯಾಗಿ ತೋರುತ್ತದೆ. ಆ ಮಟ್ಟಿಗೆ, ಕಾಲ್ನಡಿಗೆಯ ದೂರದಲ್ಲಿರುವ ಪಾಲುವಾನ ಕಲ್ಲಿನ ಮಾದರಿಯನ್ನು ಒಮ್ಮೆ ನೋಡಿ ಬಂದು ಆಮೇಲೆ ಚೌಕಕ್ಕೆ ಹೋಗುವುದು ಲೇಸೆಂದು ಈ ಪಕ್ಷವೂ ಹೇಳಬೇಕಾಗುತ್ತದೆ, ಆದರೆ ಅದಕ್ಕೆ ಅರ್ಧ ದಿನ ಬೇಡ, ಒಂದು ಗಂಟೆ ಸಾಕು, ಮತ್ತು ಆ ಗಂಟೆ ಪ್ರವಾಸದ ಕೊನೆಯ ದಿನದ್ದಾಗಲಿ. ಕಾರ್ನವಾಲೆಗೆ ಸೋಮವಾರ ರಜೆಯಾದ್ದರಿಂದ, ಭಾನುವಾರ ರಾತ್ರಿಯವರೆಗೆ ಅದನ್ನು ಮುಂದೂಡಿದವರ ಮಟ್ಟಿಗೆ ಈ ಚರ್ಚೆಯೇ ಇರುವುದಿಲ್ಲ.